ಗುಳೆ ಹೋದವರ ದುಡಿಮೆ ಯಾವ ಜಿಲ್ಲೆ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಬಜೆಟ್ ಟೈಮಲ್ಲಿ ಆರ್ಥಿಕ ಸಮೀಕ್ಷೆ ಬಂದಾಗ ಜಿಲ್ಲಾವಾರು ತಲಾ ಆದಾಯದ ಪಟ್ಟಿ ಪೇಪರಲ್ಲಿ ಬರುತ್ತೆ, ಬೆಂಗಳೂರು ನಗರ ಮೇಲೆ, ಕಲಬುರಗಿ, ಯಾದಗಿರಿ ಕೆಳಗೆ, ನಡುವೆ ನಾಲ್ಕೈದು ಪಟ್ಟು ಅಂತರ. ಅಂತರ ಇರೋದು ನಿಜ, ಆದ್ರೆ ಈ ಅಂಕಿ ಹೇಗೆ ಹುಟ್ಟುತ್ತೆ ಅಂತ ಯಾರೂ ಮಾತಾಡಲ್ಲ. ಜಿಲ್ಲೆಯ ಆದಾಯ ಅಂದ್ರೆ ಆ ಜಿಲ್ಲೆಯ ಗಡಿಯೊಳಗೆ ಉತ್ಪಾದನೆ ಆಗಿದ್ದು, ಜನ ಮನೆಗೆ ತಂದ ದುಡ್ಡಲ್ಲ. ತೊಗರಿ ರಾಶಿ ಮುಗಿಸಿ ಸುರಪುರ, ಶಹಾಪುರ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗಿ ಗಾರೆ ಕೆಲಸ ಮಾಡಿದ್ರೆ ಆ ದುಡಿಮೆ ಪೂರ್ತಿ ಬೆಂಗಳೂರಿನ ಖಾತೆಗೆ, ಊರಿಗೆ ಕಳಿಸಿದ ಹಣ ಯಾದಗಿರಿ ಲೆಕ್ಕದಲ್ಲಿ ಎಲ್ಲೂ ಇಲ್ಲ. ಇನ್ನು ಎಷ್ಟೋ ಆರ್ಥಿಕ ವಲಯಗಳಲ್ಲಂತೂ ರಾಜ್ಯದ ಒಟ್ಟು ಮೊತ್ತನ ಕೆಲಸಗಾರರ ಸಂಖ್ಯೆಯಂಥ ಯಾವುದೋ ಸೂಚಕ ಇಟ್ಕೊಂಡು ಜಿಲ್ಲೆಗಳಿಗೆ ಹಂಚ್ತಾರೆ ಅಷ್ಟೇ, ಅಲ್ಲಿ ಹೋಗಿ ಅಳೆದದ್ದಲ್ಲ.

ಪ್ರಾದೇಶಿಕ ಅಸಮತೋಲನ ನೋಡೋಕೆ ರಾಜ್ಯ ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಮಾಡಿದ ಕೆಲಸದ ಬೆಲೆ ಗೊತ್ತಾಗೋದು ಇಲ್ಲೇ. ಅವರು ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿದ್ರು, ಬರೀ ಆದಾಯ ನೋಡದೆ 35 ಸೂಚಕ ಇಟ್ಕೊಂಡು ಆಗಿನ 175 ತಾಲ್ಲೂಕುಗಳನ್ನ ತೂಗಿ 114 ಹಿಂದುಳಿದಿವೆ ಅಂದ್ರು, ಅದರಲ್ಲಿ 39 ಅತ್ಯಂತ ಹಿಂದುಳಿದವು. 8 ವರ್ಷಕ್ಕೆ 31 ಸಾವಿರ ಕೋಟಿ ಬೇಕು ಅಂತಾನೂ ಹೇಳಿದ್ರು. ಆಮೇಲೆ ಎಷ್ಟೋ ಹೊಸ ತಾಲ್ಲೂಕು ಆದ್ವು, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ವಿಧಿ ಬಂತು, ಆದ್ರೆ ಜನಗಣತಿ ಮಾತ್ರ 2011ರದ್ದೇ, ಈಗಲೂ ತಲಾ ಲೆಕ್ಕಕ್ಕೆಲ್ಲ ಅದನ್ನೇ ಎಳೆದು ಅಂದಾಜು ಮಾಡೋದು.

ಈಗ 2027ರ ಫೆಬ್ರವರಿಲಿ ಜನಗಣತಿ ಅಂತಾರೆ. ನಮ್ ಭಾಗದಲ್ಲಿ ಅದು ಸರಿಯಾಗಿ ಗುಳೆ ಸೀಸನ್ನು ಸ್ವಾಮಿ! ಸುಗ್ಗಿ ಮುಗಿದು ಮನೆಗೆ ಬೀಗ ಹಾಕಿ ವಯಸ್ಸಾದವರನ್ನ ಬಿಟ್ಟು ಹೊರಟಿರ್ತಾರೆ, ಮಕ್ಕಳೂ ಜೊತೆಗೇ. ಎಣಿಕೆ ನಡೆಯೋ ಅಷ್ಟೂ ದಿನ ಊರಲ್ಲಿಲ್ಲದವರನ್ನ ಅವರು ಇರೋ ಕಡೆನೇ ಎಣಿಸೋದು, ಅಂದ್ರೆ ತಗಡಿನ ಶೆಡ್ಡಲ್ಲಿ ಸಿಕ್ಕರೆ ಬೆಂಗಳೂರಿನವರು, ಅಲ್ಲೂ ತಪ್ಪಿಹೋದ್ರೆ ಎಲ್ಲಿಯವರೂ ಅಲ್ಲ. ಮುಂದೆ ಶಾಲೆ, ಅಂಗನವಾಡಿ, ಅನುದಾನ ಎಲ್ಲದಕ್ಕೂ ಆಧಾರ ಆಗೋದು ಇದೇ ಸಂಖ್ಯೆ.

ಹಂಗಾಗಿ ರಾಜ್ಯ ಸರ್ಕಾರದ ಸಾಂಖ್ಯಿಕ ಇಲಾಖೆಯವರು ಗುಳೆ ಹೋಗೋ ತಾಲ್ಲೂಕುಗಳಲ್ಲಿ ಬೇರೆಯಾಗಿ ಒಂದು ಮನೆ ಮನೆ ಸರ್ವೆ ಮಾಡ್ಬೇಕು, ಸುಗ್ಗಿಗೆ ಮುಂಚೆ ಒಂದ್ಸಲ, ಜನ ಹೋದ್ಮೇಲೆ ಒಂದ್ಸಲ: ಎಷ್ಟು ಜನ ಹೋದ್ರು, ಎಲ್ಲಿಗೆ, ಏನು ಕಳಿಸಿದ್ರು, ಮಕ್ಕಳ ಓದು ಏನಾಯ್ತು. ಪಂಚಾಯ್ತಿವಾರು ಅಂಕಿ ಎಲ್ಲರಿಗೂ ಸಿಗೋ ಹಾಗೆ ಹಾಕ್ಲಿ.

– ಅರ್ಥಶಾಸ್ತ್ರದ ಉಪನ್ಯಾಸಕ, ಯಾದಗಿರಿ ಜಿಲ್ಲೆ