'ಮೌಸಸ್' ಅಂತ ಬರೆದ ನಿನ್ನ ಮಗಳ ಪರವಾಗಿ

ಪ್ರೀತಿಯ ಗೆಳೆಯ,

ಪುಟ್ಟಿ ನೋಟ್‌ಬುಕ್ಕಿನಲ್ಲಿ ಇಲಿಗಳಿಗೆ 'ಮೈಸ್' ಅನ್ನೋ ಬದಲು 'ಮೌಸಸ್' ಅಂತ ಬರೆದಳು, ಟೀಚರ್ ಕೆಂಪು ಗೆರೆ ಎಳೆದರು, ಮನೆಯಲ್ಲಿ ನೀನೂ ಬೈದೆ. 'ಈ ಇಂಗ್ಲಿಷಿಗೆ ತಲೆಬುಡ ಇಲ್ಲ, ಸುಮ್ನೆ ಬಾಯಿಪಾಠ ಮಾಡು' ಅಂದೆಯಂತೆ. ಬಾಯಿಪಾಠ ಮಾಡಿಸು, ಬೇಡ ಅನ್ನಲ್ಲ. ಆದರೆ ತಲೆಬುಡ ಇದೆ ಮಾರಾಯ.

ಇಂಗ್ಲಿಷಿನಲ್ಲಿ ಎಲ್ಲದಕ್ಕೂ 'ಎಸ್' ಹಚ್ಚುವ ಪದ್ಧತಿ ಮೊದಲಿಂದ ಇರಲಿಲ್ಲ. ಬಹುವಚನಕ್ಕೆ ಹತ್ತಾರು ದಾರಿಗಳಿದ್ದವು, ಎಸ್ ಅದರಲ್ಲಿ ಒಂದು. ಇಲಿಗೆ ಬಹಳ ಹಿಂದೆ 'ಮೂಸ್' ಅನ್ನುತ್ತಿದ್ದರು. ಹಲವು ಇಲಿ ಅಂದರೆ ಕೊನೆಗೆ ಒಂದು 'ಇ' ಸೇರುತ್ತಿತ್ತು, 'ಮೂಸಿ' ಅನ್ನೋ ಥರ. ಮುಂದೆ ಬರುವ ಇ ಹಿಂದಿನ ಊಕಾರವನ್ನು ತನ್ನ ಕಡೆ ಎಳೆಯಿತು. ಆಮೇಲೆ ಆ ಇ ಉದುರಿಹೋಯಿತು, ಬದಲಾದ ಸ್ವರ ಮಾತ್ರ ಉಳಿಯಿತು. ಶತಮಾನಗಳು ಕಳೆದ ಮೇಲೆ ಅದೇ ಮೌಸ್, ಮೈಸ್ ಆಯಿತು. ಫೂಟ್-ಫೀಟ್, ಗೂಸ್-ಗೀಸ್, ಮ್ಯಾನ್-ಮೆನ್ ಎಲ್ಲದರ ಕತೆಯೂ ಇದೇ. ನಮ್ಮಲ್ಲೂ ಹೀಗೆ ಆಗಿದೆ. ತಮಿಳರು ಇಲಿಗೆ ಈಗಲೂ 'ಎಲಿ' ಅನ್ನುತ್ತಾರೆ. ಕನ್ನಡದಲ್ಲಿ ಮುಂದಿನ ಇಕಾರ ಹಿಂದಿನ ಎಕಾರವನ್ನು ಎಳೆದು 'ಇಲಿ' ಮಾಡಿಬಿಟ್ಟಿದೆ. ಎರಡು ಕಡೆಯೂ ಇಲಿಯೇ ಸಿಕ್ಕಿಬಿದ್ದಿದೆ ನೋಡು!

ಇನ್ನು ಪುಟ್ಟಿಯ ತಪ್ಪಿನ ವಿಷಯ. ಬುಕ್ ಕೂಡ ಇದೇ ಗುಂಪಿನ ಪದ. ಹಳೆಯ ಇಂಗ್ಲಿಷಿನಲ್ಲಿ ಒಂದಾದರೆ 'ಬೋಕ್', ಹಲವಾದರೆ 'ಬೇಚ್'. ಅದನ್ನು ಬಿಟ್ಟು ಎಸ್ ಹಚ್ಚಿ ಬುಕ್ಸ್ ಮಾಡಿಕೊಂಡವರು ಇಂಗ್ಲಿಷಿನವರೇ. ಕಣ್ಣುಗಳಿಗೆ 'ಐಯೆನ್', ಬೂಟುಗಳಿಗೆ 'ಶೂನ್' ಅಂತಿದ್ದದ್ದೂ ಐಸ್, ಶೂಸ್ ಆದವು. ಅವರು ಮಾಡಿದ್ದನ್ನೇ ಇವಳೂ ಮಾಡಿದ್ದಾಳೆ, ಅಲ್ವಾ? ಇವಳಿಗೆ ಮಾತ್ರ ಕೆಂಪು ಗೆರೆ.

ಈ ಬದಲಾವಣೆಯ ಮಧ್ಯದಲ್ಲಿ ಸಿಕ್ಕಿಕೊಂಡವರ ಪಾಡು ಏನು ಅಂತ ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಮುನ್ನುಡಿಯಲ್ಲಿ ಬರೆದಿದ್ದಾನೆ. ಥೇಮ್ಸ್ ನದಿಯಿಂದ ಹೊರಟ ಹಡಗಿಗೆ ಗಾಳಿ ಸಿಗಲಿಲ್ಲ. ವ್ಯಾಪಾರಿಗಳು ದಡಕ್ಕಿಳಿದು ಊಟ ಹುಡುಕಿಕೊಂಡು ಒಂದು ಮನೆಗೆ ಹೋದರು. ಒಬ್ಬ 'ಎಗ್ಸ್' ಕೇಳಿದ. ಆ ಮನೆಯಾಕೆ 'ನನಗೆ ಫ್ರೆಂಚ್ ಬರಲ್ಲಪ್ಪ' ಅಂದಳು. ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ, ಸಿಟ್ಟು ಬಂತು. ಇನ್ನೊಬ್ಬ 'ಐರೆನ್' ಅಂದ ಮೇಲೆ ಆಕೆಗೆ ಮೊಟ್ಟೆ ಅಂತ ಗೊತ್ತಾಯಿತು. ಎರಡೂ ಇಂಗ್ಲಿಷೇ! ಒಂದು ಉತ್ತರದ ಸ್ಕ್ಯಾಂಡಿನೇವಿಯಾದ ನಾರ್ಸ್ ಜನರಿಂದ ಬಂದ ಪದ, ಎಸ್ ಹಚ್ಚಿದ್ದು. ಇನ್ನೊಂದು ಊರಿನದೇ ಹಳೆಯ ಪದ, 'ಎನ್' ಹಚ್ಚಿದ್ದು.

ಆ 'ಎನ್' ಈಗ ಆಕ್ಸೆನ್, ಚಿಲ್ಡ್ರನ್ ಥರದ ನಾಲ್ಕಾರು ಪದಗಳಲ್ಲಿ ಉಳಿದಿದೆ. ಚಿಲ್ಡ್ರನ್ ಅಂತೂ ನನಗೆ ಬಹಳ ಇಷ್ಟ. 'ಚಿಲ್ಡರ್' ಅಂದರೇನೇ ಮಕ್ಕಳು. ಸಾಲದು ಅಂತ ಮೇಲೆ ಇನ್ನೊಂದು 'ಎನ್' ಸೇರಿಸಿದರು. ನಮ್ಮ ಭಾಷಣಕಾರರು 'ಅವರುಗಳು' ಅನ್ನಲ್ವಾ, ಹಾಗೆ. ಹಲವಾದರೂ ಶೀಪ್ ಯಾಕೆ ಶೀಪೇ ಅಂತ ಅವಳು ಕೇಳಿದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ನಾವೂ ಹತ್ತು ಕುರಿ ಅಂತಲೇ ಅನ್ನೋದು.

ಇನ್ನೊಂದು ವಿಷಯ. ಕಂಪ್ಯೂಟರಿನ ಮೌಸ್ ಆದರೆ 'ಮೌಸಸ್' ಅನ್ನಬಹುದು ಅಂತ ಇವತ್ತಿನ ಇಂಗ್ಲಿಷ್ ನಿಘಂಟುಗಳೇ ಒಪ್ಪುತ್ತವೆ. ಇದನ್ನು ಹಿಡಿದುಕೊಂಡು ಟೀಚರ್ ಹತ್ತಿರ ವಾದಕ್ಕೆ ಹೋಗಬೇಡ ಮತ್ತೆ. ಪುಟ್ಟಿ ಬರೆದ ವಾಕ್ಯದಲ್ಲಿ ಬೆಕ್ಕು ಅವನ್ನು ತಿಂದಿದೆಯಂತೆ.

ಇಂತಿ ನಿನ್ನ ಗೆಳೆಯ