ಗುಮ್ಮಟ ಉಳಿಸಿದವರಿಗೆ ನನ್ನದೊಂದು ನಮಸ್ಕಾರ

ಕಳೆದ ಸೋಮವಾರ ಹೊಸ ಕೆಲಸಕ್ಕೆ ಸೇರಿದೆ. ಹಾರೈಸಿದ ಎಲ್ಲರಿಗೂ ವಂದನೆ. ಬಾಡಿಗೆಗೆ ಅವಸರ ಮಾಡದ ಮನೆ ಮಾಲೀಕರಿಗೆ, ಪುಳಿಯೋಗರೆ ಗೊಜ್ಜು ತಂದುಕೊಟ್ಟು ಕಷ್ಟದ ವಿಷಯವನ್ನೇ ಎತ್ತದೆ ಹೋದ ಗೆಳೆಯರಿಗೆ ಖುದ್ದಾಗಿ ಹೇಳಿದ್ದೇನೆ. ಇನ್ನು ಉಳಿದವರಲ್ಲಿ ಹೆಚ್ಚಿನವರ ಮುಖವನ್ನೇ ನಾನು ಕಂಡಿಲ್ಲ.

ಕೆಲಸ ಹೋದ ಆ ಚಳಿಗಾಲದ ಹಗಲುಗಳನ್ನು ನಾನು ಕಳೆದದ್ದು ಶಿಕಾಗೊ ಕಲ್ಚರಲ್ ಸೆಂಟರ್‌ನಲ್ಲಿ. ಕಾಫಿ ಅಂಗಡಿಯಲ್ಲಿ ಕೂತರೆ ಗಂಟೆಗೊಮ್ಮೆ ಕಾಸು ಬಿಚ್ಚಬೇಕು. ಇದು ನಗರಾಡಳಿತದ ಕಟ್ಟಡ, ಪ್ರವೇಶ ಉಚಿತ, ಒಳಗೆ ಬೆಚ್ಚಗಿರುತ್ತದೆ. 1871ರ ಮಹಾ ಬೆಂಕಿಯ ನಂತರ ಹುಟ್ಟಿದ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಕಟ್ಟಿ, 1897ರಲ್ಲಿ ತೆರೆದದ್ದು. (ಅದೇ ವರ್ಷ ನಮ್ಮ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಆಮೇಲೆ ಬಂದ ಅರಮನೆಯ ಕಲ್ಯಾಣ ಮಂಟಪದಲ್ಲಿ ನವಿಲುಗಳ ಗಾಜಿನ ಚಾವಣಿ ನೋಡುತ್ತ ಅಮ್ಮನ ಕೈ ಬಿಟ್ಟುಹೋಗುತ್ತಿದ್ದವನು ನಾನು.)

ಮೂರನೇ ಮಹಡಿಯಲ್ಲಿರುವ, ಟಿಫನಿ ಎಂಬ ಗಾಜಿನ ಕಲಾಸಂಸ್ಥೆ ಮಾಡಿದ ಗುಮ್ಮಟದ ಅಗಲ 38 ಅಡಿ. ಅದರಲ್ಲಿರುವುದು ಸುಮಾರು 30,000 ಗಾಜಿನ ತುಣುಕುಗಳು. ಮೀನಿನ ಮೈಮೇಲಿನ ಪೊರೆಯ ಹಾಗೆ ಒಂದರ ಪಕ್ಕ ಒಂದು ಇಳಿದು ಬರುತ್ತವೆ. ನೆತ್ತಿಯಲ್ಲಿ ರಾಶಿಚಕ್ರ. ಜ್ಯೋತಿಷ್ಯದಲ್ಲಿ ನನಗೆ ನಂಬಿಕೆಯಿಲ್ಲ, ಆದರೂ ನನ್ನ ರಾಶಿ ಎಲ್ಲಿದೆ ಎಂದು ಕತ್ತು ನೋಯುವಷ್ಟು ಹುಡುಕಿದ್ದೇನೆ. ಹೊರಗೆ ಮೋಡ ಸರಿದರೆ ಗಾಜಿನ ಹಸಿರು ಮಂಕಾಗುತ್ತದೆ, ಬಿಸಿಲು ಬಂದೊಡನೆ ಅಂಚುಗಳಲ್ಲಿ ಹೊಂಬಣ್ಣ ಏಳುತ್ತದೆ.

ಆ ಬಿಸಿಲೂ ಯಾರೋ ದುಡಿದು ಮರಳಿ ತಂದದ್ದೇ. 1930ರ ದಶಕದಲ್ಲಿ ಗುಮ್ಮಟದ ಮೇಲೆ ಕಾಂಕ್ರೀಟು, ತಾಮ್ರದ ಹೊದಿಕೆ ಹಾಕಿ ಮುಚ್ಚಿಬಿಟ್ಟಿದ್ದರು. ಒಳಗೆ ವಿದ್ಯುತ್ ದೀಪವೇ ಗತಿ. 2008ರಲ್ಲಿ ಹೊದಿಕೆ ತೆಗೆದು, ಗಾಜನ್ನು ತೊಳೆದು, ದುರಸ್ತಿ ಮಾಡಿ ಹಗಲ ಬೆಳಕನ್ನು ಒಳಗೆ ಬಿಟ್ಟವರಿಗೆ ನನ್ನ ಮೊದಲ ನಮಸ್ಕಾರ. ಇದೇ ಕಟ್ಟಡದಲ್ಲಿರುವ ಹೀಲಿ ಮತ್ತು ಮಿಲೆಟ್ ಸಂಸ್ಥೆಯ 40 ಅಡಿ ಗುಮ್ಮಟವನ್ನು 2022ರಲ್ಲಿ ಸರಿಪಡಿಸಿದವರಿಗೆ, ಅದರ ಖರ್ಚು ಹೊತ್ತೂ ಹೆಸರು ಹೇಳಿಕೊಳ್ಳದ ದಾನಿಗೆ ಎರಡನೆಯದು. ಮದುವೆಗೆ ಕೊಟ್ಟ ಗೋಡೆ ಗಡಿಯಾರದ ಮೇಲೂ ಹೆಸರು ಬರೆಸುವವರು ನಾವು!

ಇಡೀ ಕಟ್ಟಡವನ್ನೇ ಕೆಡವುವ ಮಾತೂ ಒಮ್ಮೆ ಬಂದಿತ್ತು. ಉಳಿಸಬೇಕೆಂದು ದನಿಯೆತ್ತಿದವರಲ್ಲಿ ಅಂದಿನ ಮೇಯರ್ ರಿಚರ್ಡ್ ಜೆ. ಡೇಲಿಯವರ ಪತ್ನಿ ಎಲೀನರ್ ಡೇಲಿಯೂ ಒಬ್ಬರು. ಮನೆಯಾಕೆಯ ಮಾತನ್ನು ಮೇಯರ್ ಆದರೂ ಮೀರುವುದುಂಟೇ? ಇದೇ ಊರಿನ ಹಳೆಯ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಆ ಭಾಗ್ಯವಿರಲಿಲ್ಲ. ಅದನ್ನು 1972ರಲ್ಲಿ ಕೆಡವಿದರು. ಅಲ್ಲಿನ ಅಲಂಕಾರಗಳನ್ನು ಬಿಡಿಸಿ ಉಳಿಸಿಕೊಳ್ಳಲು ಹೋದ ಛಾಯಾಗ್ರಾಹಕ ರಿಚರ್ಡ್ ನಿಕಲ್, ಕುಸಿದ ಅವಶೇಷಗಳಡಿ ಸಿಕ್ಕು ಪ್ರಾಣಬಿಟ್ಟರು. ಉಳಿದ ಭಾಗಗಳಿಂದ ಮತ್ತೆ ಕಟ್ಟಿದ ವಹಿವಾಟು ಕೋಣೆ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯದಲ್ಲಿದೆ. ಕಲ್ಚರಲ್ ಸೆಂಟರ್‌ನಿಂದ ನಡೆದೇ ಹೋಗಬಹುದು. ಮೊದಲ ಸಂಬಳ ಬಂದ ಮೇಲೆ ಟಿಕೆಟ್ ಕೊಂಡು ನೋಡಿ ಬರುತ್ತೇನೆ.

ಕೊನೆಯ ನಮಸ್ಕಾರ, ಟಿಫನಿ ಗುಮ್ಮಟದ ಕೆಳಗಿನ ಸಭಾಂಗಣದ ಕಾವಲುಗಾರರಿಗೆ. ದಿನಾ ಅದೇ ಕೋಟು, ಅದೇ ಚೀಲ ಹೊತ್ತು ಬಂದು ಅದೇ ಕುರ್ಚಿ ಹಿಡಿಯುತ್ತಿದ್ದ ನನ್ನನ್ನು ಅವರು ಏಕೆಂದು ಕೇಳಲಿಲ್ಲ. ಡಬ್ಬಿ ತೆರೆದಾಗ ಮಾತ್ರ "ಇಲ್ಲಿ ತಿನ್ನುವಂತಿಲ್ಲ, ಕೆಳಗೆ ಜಾಗವಿದೆ" ಎಂದು ಮೆತ್ತಗೆ ಹೇಳಿ, ನಾನು ತಿಂದು ಬರುವವರೆಗೆ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡದೆ ಕಾದಿದ್ದರು.