ಮಿಸ್‌ಕಾಂಡಕ್ಟ್ ಪದದ ಬಗ್ಗೆ, ಎಲ್ಲರೂ ಒಮ್ಮೆ ಓದಿ

ದಾವಣಗೆರೆ ಪರೀಕ್ಷಾ ತಯಾರಿ ಗುಂಪಿನ ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ 'ಮಿಸ್‌ಕಾಂಡಕ್ಟ್' ಅಂದ್ರೆ ಏನು ಅಂತ ಶುರುವಾದ ಮಾತು ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನಾಗಿದೆ ಅನ್ನೋ ಜಗಳಕ್ಕೆ ಹೋಯ್ತು, ಅದಕ್ಕೇ ಒಂದೇ ಕಡೆ ಬರೆದು ಹಾಕುತ್ತಿದ್ದೇನೆ.

ಸುಮ್ನೆ 'ಕೆಟ್ಟ ನಡತೆ' ಅಂತ ಬಾಯಿಪಾಠ ಮಾಡಬೇಡಿ. ನೆಂಟರ ಮುಂದೆ ಮಗು ತಟ್ಟೆ ಎಸೆದು ಹಠ ಮಾಡಿದರೆ ಅದು ಮಿಸ್‌ಬಿಹೇವಿಯರ್. ಗುಮಾಸ್ತರು ಲಂಚ ತಗೊಂಡು ಫೈಲಿನಲ್ಲಿ ತಾರೀಖು ತಿದ್ದಿದರೆ ಅದು ಮಿಸ್‌ಕಾಂಡಕ್ಟ್. ಹುದ್ದೆ, ನಿಯಮ ಇದ್ದ ಕಡೆ ಈ ಪದ ಜಾಸ್ತಿ, ಕಚೇರಿ ಕನ್ನಡದಲ್ಲಿ 'ದುರ್ನಡತೆ' ಅಂತಾರೆ. ವಕೀಲರ ಕಾಯ್ದೆ 1961ರ 35ನೇ ಕಲಮಿನಲ್ಲೂ ಇದೇ ಪದ ಇದೆ.

ಆದರೆ ಸಂವಿಧಾನದ 124(4)ನೇ ವಿಧಿ ನೋಡಿ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ತೆಗೆಯೋಕೆ ಅಲ್ಲಿ ಹೇಳಿರೋದು ಸಾಬೀತಾದ 'ಮಿಸ್‌ಬಿಹೇವಿಯರ್' ಅಥವಾ ಅಸಮರ್ಥತೆ, ಮಿಸ್‌ಕಾಂಡಕ್ಟ್ ಅಲ್ಲ. ಪರೀಕ್ಷೆಯಲ್ಲಿ ಜನ ಜಾರೋದು ಇಲ್ಲೇ.

ಇನ್ನೊಂದು ಮಜಾ. ಕುಡಿದು ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿ ಮಾಡೋದಕ್ಕೆ ಹಳೇ ಐಪಿಸಿ 510ರಲ್ಲಿ ಮಿಸ್‌ಕಾಂಡಕ್ಟ್ ಅಂತಲೇ ಹೆಸರು, ದಂಡ ಹೆಚ್ಚೆಂದರೆ 10 ರೂಪಾಯಿ! 2024ರ ಜುಲೈನಿಂದ ಅದು ಭಾರತೀಯ ನ್ಯಾಯ ಸಂಹಿತೆಯ 355, ದಂಡ 1000 ರೂಪಾಯಿವರೆಗೆ.

ಬರೆಯುವಾಗ 'ಎ ಮಿಸ್‌ಕಾಂಡಕ್ಟ್' ಬೇಡ, 'ಆನ್ ಆಕ್ಟ್ ಆಫ್ ಮಿಸ್‌ಕಾಂಡಕ್ಟ್' ಅನ್ನಿ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒರಟಾಗಿ ಮಾತಾಡಿದರೆ 'ಮಿಸ್‌ಬಿಹೇವ್ಡ್' ಸಾಕು, ಅಲ್ವಾ?

ಸಂಜೆಯೊಳಗೆ ಒಬ್ಬೊಬ್ಬರೂ ಒಂದೊಂದು ವಾಕ್ಯ ಬರೆದು ಹಾಕಿ. ಗುಡ್ ಮಾರ್ನಿಂಗ್ ಫೋಟೋ ಮಾತ್ರ ಬೇಡ.